ಮೀಸೆ ಮಣ್ಣಾಗದಂತೆ ಬೀಳುವುದು: ಸೈಕಲ್ ಸವಾರರಿಗೆ ಒಂದು ಅಭ್ಯಾಸಕ್ರಮ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವು ಸೋತರೂ ಸೋಲೊಪ್ಪದವರನ್ನು ಹಂಗಿಸಲು ಬಳಸುತ್ತೇವೆ. ಅದರ ಕುಹಕವನ್ನು ಬದಿಗಿಟ್ಟು ಅಕ್ಷರಾರ್ಥವನ್ನಷ್ಟೇ ನೋಡಿದರೆ, ಅಲ್ಲಿರುವುದು ಬೀಳುವುದನ್ನು ಬಲ್ಲ ಮನುಷ್ಯನ ಚಿತ್ರ: ಅವನ ಗಲ್ಲ ಎದೆಗೆ ಒತ್ತಿದೆ, ಮುಖ ನೆಲ ಮುಟ್ಟಿಲ್ಲ, ಬಿದ್ದ ಭಾರವನ್ನು ಬೆನ್ನು ಮತ್ತು ಭುಜಗಳು ಹಂಚಿಕೊಂಡಿವೆ. ಮೈಸೂರಿನ ಗರಡಿ ಮನೆಗಳಲ್ಲಿ ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡಿಡುವುದು ಬೀಳುವವರಿಗಾಗಿಯೇ. ಬೀಳುವುದು ಅಲ್ಲಿ ದಿನಚರಿ. ಸೈಕಲ್ ಸವಾರರಾದ ನಮಗೆ ಅದು ಅಪಘಾತ. ಈ ಲೇಖನದ ಉದ್ದೇಶ, ಗರಡಿಯವರ ಆ ದಿನಚರಿಯ ಸ್ವಲ್ಪ ಪಾಲನ್ನು ಸೈಕಲ್ಲಿನವರಿಗೂ ದಾಟಿಸುವುದು.

ಮೊದಲು ನನ್ನ ಕೈಯ ಕಥೆಯನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುತ್ತಿದ್ದಾಗ, ತಿರುವಿನ ಆಚೆ ರಸ್ತೆಯ ತುಂಬ ಹುರುಳಿ ಗಿಡಗಳನ್ನು ಒಕ್ಕಣೆಗೆ ಹರಡಿದ್ದರು. ನಾನು ಬ್ರೇಕ್ ಹಿಡಿದೆ, ಮುಂದಿನ ಚಕ್ರ ಜಾರಿತು, ಎಡಗೈಯನ್ನು ನೇರವಾಗಿ ನೆಲಕ್ಕೆ ಊರಿದೆ. ಚರ್ಮಕ್ಕೆ ಒಂದು ಗೀರೂ ಇರಲಿಲ್ಲ. ಎದ್ದು ನಗುತ್ತಲೇ ಮನೆಗೆ ಬಂದೆ. ಮಣಿಕಟ್ಟಿನ ನೋವು ಹೋಗಲಿಲ್ಲ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎರಡು ವಾರದ ನಂತರದ ಎಕ್ಸ್‌ರೇಯಲ್ಲಿ ಸ್ಕ್ಯಾಫಾಯ್ಡ್ ಎಂಬ ಗೋಡಂಬಿಯಷ್ಟು ಸಣ್ಣ ಮೂಳೆ ಬಿರುಕು ಬಿಟ್ಟಿರುವುದು ಕಂಡಿತು. ರಕ್ತಸಂಚಾರ ಕಡಿಮೆಯಿರುವ ಮೂಳೆಯಾದ್ದರಿಂದ ಅದು ಕೂಡುವುದು ನಿಧಾನ. ಎರಡೂವರೆ ತಿಂಗಳು ಕೈಗೆ ಪಟ್ಟಿ ಹಾಕಿಕೊಂಡು ಓಡಾಡಿದೆ. ಅಂದು ನಾನು ಕೈ ಊರದೆ ಭುಜದ ಮೇಲೆ ಉರುಳಿದ್ದರೆ ಅಂಗಿ ಹರಿಯುತ್ತಿತ್ತು, ಒಂದಿಷ್ಟು ತೊಗಲು ಹೋಗುತ್ತಿತ್ತು, ವಾರದಲ್ಲಿ ಮತ್ತೆ ಸೈಕಲ್ ಏರುತ್ತಿದ್ದೆ.

ಕೈ ಊರುವುದು ಮೂರ್ಖತನವಲ್ಲ, ಹುಟ್ಟುಗುಣ. ಬೀಳುವ ಮಗುವೂ ಊರುತ್ತದೆ. ಆದರೆ ಮಗುವಿನ ಎತ್ತರಕ್ಕೂ ವೇಗಕ್ಕೂ ಸರಿಹೊಂದುವ ಆ ಗುಣ ಸೈಕಲ್ಲಿನ ಮೇಲಿಂದ ಬೀಳುವ ಎಪ್ಪತ್ತು ಕಿಲೋ ದೇಹಕ್ಕೆ ಹೊಂದುವುದಿಲ್ಲ. ಮೊಣಕೈ ಸೆಟೆದು ನೇರವಾಗಿ ನಿಂತ ತೋಳು ಊರುಗೋಲಿನಂತೆ ಕೆಲಸ ಮಾಡುತ್ತದೆ; ಬಿದ್ದ ಪೆಟ್ಟು ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ ಏರುತ್ತ ಹೋಗಿ, ದಾರಿಯಲ್ಲಿ ಯಾವುದು ದುರ್ಬಲವೋ ಅದನ್ನು ಮುರಿಯುತ್ತದೆ. ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಒಂದು ಮೀಟರ್ ಎತ್ತರದಿಂದ ನೆಲ ತಲುಪಲು ದೇಹಕ್ಕೆ ಹಿಡಿಯುವುದು ಅರ್ಧ ಸೆಕೆಂಡಿಗಿಂತ ಕಡಿಮೆ ಸಮಯ. ಅಷ್ಟರಲ್ಲಿ ಯಾರೂ ಯೋಚಿಸಿ ನಿರ್ಧರಿಸಲಾರರು. ಆದ್ದರಿಂದ ಈ ಲೇಖನವನ್ನು ಹತ್ತು ಸಲ ಓದಿದರೂ ಬೀಳುವಾಗ ಅದು ನೆನಪಿಗೆ ಬಾರದು. ಮೆತ್ತನೆಯ ನೆಲದ ಮೇಲೆ ನೂರು ಸಲ ಬಿದ್ದು ಮೈಗೆ ರೂಢಿಯಾದದ್ದು ಮಾತ್ರ ಕೇಳದೆಯೇ ಬರುತ್ತದೆ.

ಅಭ್ಯಾಸಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ. ಮೂಳೆ ಸವೆತ ಇರುವವರು, ಕತ್ತು ಅಥವಾ ಬೆನ್ನುಹುರಿಯ ತೊಂದರೆ ಇರುವವರು, ಒಮ್ಮೆ ಭುಜದ ಕೀಲು ತಪ್ಪಿದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮತ್ತು ಗರ್ಭಿಣಿಯರು ಉರುಳುವ ಅಭ್ಯಾಸವನ್ನು ಮಾಡಬಾರದು. ಅವರು ಸೀಟನ್ನು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಂತೆ ಮಾಡಿಕೊಂಡು, ನಿಧಾನವಾಗಿ ಸವಾರಿ ಮಾಡುವುದೇ ಸರಿಯಾದ ಮಾರ್ಗ. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳು ಬಂದ ಮೇಲೆ, ಶಾಲೆ ಬಿಟ್ಟ ದಿನದಿಂದ ಪೆಡಲ್ ಮುಟ್ಟದಿದ್ದ ಅನೇಕರು ಮತ್ತೆ ಸೈಕಲ್ ಹತ್ತಿದ್ದನ್ನು ಕಂಡಿದ್ದೇನೆ. ಬಾಲ್ಯದಲ್ಲಿ ಒಳಪೆಡಲ್ ತುಳಿಯುತ್ತ ಮೊಣಕಾಲು ಕೆತ್ತಿಕೊಂಡ ಧೈರ್ಯ ನಲವತ್ತೈದರ ಮೂಳೆಗೆ ನೆರವಾಗುವುದಿಲ್ಲವೆಂಬುದನ್ನು ಅಂಥವರು ನೆನಪಿಡಬೇಕು.

ನೆಲದ ಆಯ್ಕೆ

ಬಡಾವಣೆಯ ಮೈದಾನದಲ್ಲಿ ಹುಲ್ಲು ದಟ್ಟವಾಗಿರುವ, ಕಲ್ಲು ಗಾಜುಗಳಿಲ್ಲದ ಒಂದು ಮೂಲೆ ಸಾಕು. ಮಂಡ್ಯದ ಕಡೆಯವರಿಗೆ ಭತ್ತದ ಕೊಯ್ಲು ಮುಗಿದ ಗದ್ದೆ ಕಣ್ಣಿಗೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಒಣಗಿದ ಕೂಳೆ ಬರಿಮೈಗೆ ಮೊಳೆಯಂತೆ ಚುಚ್ಚುವುದರಿಂದ, ಅದರ ಮೇಲೆ ಒಂದು ಅಡಿ ದಪ್ಪಕ್ಕೆ ಹುಲ್ಲು ಹರಡಿ, ಹಳೆಯ ಜಮಖಾನೆ ಹಾಸಿಕೊಳ್ಳಬೇಕು. ಮೆದೆಯಿಂದ ಹುಲ್ಲು ಹಿರಿಯುವಾಗ ಕೋಲಿನಿಂದ ಕೆದಕಿ ನೋಡುವುದನ್ನು ಮರೆಯಬಾರದು, ಚೇಳು ಹಾವುಗಳಿಗೂ ಆ ಬೆಚ್ಚನೆಯ ಜಾಗ ಇಷ್ಟ. ಮನೆಯಲ್ಲೇ ಮಾಡುವುದಾದರೆ ಎರಡು ಹತ್ತಿ ಹಾಸಿಗೆಗಳನ್ನು ಜೋಡಿಸಿ, ಸುತ್ತ ಒಂದು ಮಾರು ದೂರದವರೆಗೆ ಮಂಚದ ಕಾಲು, ಮೇಜಿನ ಮೂಲೆ ಇಲ್ಲದಂತೆ ನೋಡಿಕೊಳ್ಳಬೇಕು. ತುಂಬು ತೋಳಿನ ಅಂಗಿ ಧರಿಸಿ. ಜೇಬಿನಲ್ಲಿ ಬೀಗದ ಕೈ, ಮೊಬೈಲ್ ಇರಬಾರದು.

ಸೈಕಲ್ ಇಲ್ಲದೆ ಬೀಳುವುದು

ಮೊದಲ ಹಂತದಲ್ಲಿ ಬೀಳುವುದೇ ಇಲ್ಲ. ಅಂಗಾತ ಮಲಗಿ, ಗಲ್ಲವನ್ನು ಎದೆಗೆ ತಂದು, ಹೊಕ್ಕುಳನ್ನು ನೋಡುತ್ತ ಐದು ಎಣಿಸುವವರೆಗೆ ತಲೆಯನ್ನು ಎತ್ತಿ ಹಿಡಿಯಬೇಕು. ಹತ್ತು ಸಲ ಮಾಡುವಷ್ಟರಲ್ಲಿ ಕತ್ತಿನ ಮುಂಭಾಗ ನಡುಗತೊಡಗಿದರೆ, ಆ ಸ್ನಾಯುಗಳು ಎಷ್ಟು ಸೋಮಾರಿಯಾಗಿವೆ ಎಂಬುದು ತಿಳಿಯುತ್ತದೆ. ತಲೆ ಹಿಂದಕ್ಕೆ ಚಿಮ್ಮಿ ನೆಲಕ್ಕೆ ಬಡಿಯದಂತೆ ತಡೆಯುವವು ಅವೇ. ಇದು ಹಗುರವಾದ ಮೇಲೆ ಮೊಣಕಾಲುಗಳನ್ನು ಅಪ್ಪಿಕೊಂಡು ಬೆನ್ನ ಮೇಲೆ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಬೇಕು. ಬೆನ್ನು ಹಲಗೆಯಾಗದೆ ಬಿಲ್ಲಾಗುವುದನ್ನು ಮೈ ಹೀಗೆ ಕಲಿಯುತ್ತದೆ.

ಎರಡನೆಯದು ಕುಕ್ಕರಗಾಲಿನಿಂದ ಪಕ್ಕಕ್ಕೆ ಬೀಳುವುದು. ಕುಕ್ಕರಗಾಲಿನಲ್ಲಿ ಕುಳಿತು, ಒಂದು ಟವೆಲ್ಲಿನ ಎರಡು ತುದಿಗಳನ್ನು ಹ್ಯಾಂಡಲ್ ಹಿಡಿದಂತೆ ಎರಡು ಕೈಗಳಿಂದ ಬಿಗಿಯಾಗಿ ಹಿಡಿದು, ಎಡಕ್ಕೆ ವಾಲಿ, ತೊಡೆಯ ಹೊರಭಾಗ, ಸೊಂಟದ ಪಕ್ಕ, ಪಕ್ಕೆ, ಭುಜದ ಹಿಂಭಾಗ ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗುವಂತೆ ಉರುಳಬೇಕು. ಟವೆಲ್ ಯಾಕೆಂದರೆ, ಅದನ್ನು ಬಿಡದಿರುವವರೆಗೆ ಕೈ ನೆಲಕ್ಕೆ ಹೋಗಲಾರದು. ನಮ್ಮ ಗುಂಪಿನಲ್ಲಿ ಉತ್ಸಾಹಿಯೊಬ್ಬ ಟವೆಲ್ ಬದಲು ಕಬ್ಬಿನ ಜಲ್ಲೆಯ ತುಂಡನ್ನು ಹಿಡಿದು ಗಲ್ಲಕ್ಕೆ ಬಡಿಸಿಕೊಂಡದ್ದರಿಂದ, ಟವೆಲ್ಲೇ ಸಾಕು ಎಂದು ಒತ್ತಿ ಹೇಳುತ್ತಿದ್ದೇನೆ. ಬೀಳುವ ಕ್ಷಣದಲ್ಲಿ ಬಾಯಿಂದ ‘ಹಾ’ ಎಂದು ಉಸಿರು ಬಿಡಬೇಕು; ಉಸಿರು ಕಟ್ಟಿದ ಮೈ ಸೆಟೆಯುತ್ತದೆ. ಎಡಕ್ಕೆ ಇಪ್ಪತ್ತು ಸಲ ಬಿದ್ದರೆ ಬಲಕ್ಕೆ ಹತ್ತು ಸಲ ಸಾಕು. ನಮ್ಮ ರಸ್ತೆಗಳಲ್ಲಿ ಸೈಕಲ್ ಸಾಗುವುದು ಎಡ ಅಂಚಿನಲ್ಲಿ. ಆಯ್ಕೆ ನಮ್ಮ ಕೈಯಲ್ಲಿದ್ದರೆ ಬೀಳಬೇಕಾದದ್ದು ಮಣ್ಣಂಚಿನ ಕಡೆಗೆ, ಲಾರಿಯ ಕಡೆಗಲ್ಲ.

ಮೂರನೆಯದು ಕರ್ಣರೇಖೆಯ ಉರುಳು. ನಾನು ಇಡೀ ಅಭ್ಯಾಸದ ತಿರುಳೆಂದು ಭಾವಿಸುವುದು ಇದನ್ನೇ. ದೇವಸ್ಥಾನದಲ್ಲಿ ಉರುಳುಸೇವೆ ಮಾಡುವವರು ಮೈಯನ್ನು ಉದ್ದಕ್ಕೆ ಚಾಚಿ ಪಕ್ಕಕ್ಕೆ ಹೊರಳುತ್ತಾರೆ; ಮಕ್ಕಳು ಹೊಡೆಯುವ ತಿಪ್ಪರಲಾಗದಲ್ಲಿ ನೆತ್ತಿ ಮತ್ತು ಕತ್ತಿನ ಮೇಲೆ ಭಾರ ಬೀಳುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನದು. ಎಡ ಮೊಣಕಾಲೂರಿ, ಬಲ ಮೊಣಕಾಲನ್ನು ಮಡಿಸಿ ಮುಂದಿಟ್ಟು ಕುಳಿತು, ಬಲಗೈಯನ್ನು ದೊಡ್ಡ ಬಿಂದಿಗೆಯನ್ನು ತಬ್ಬಿದಂತೆ ದುಂಡಗೆ ಬಾಗಿಸಿ, ಅದರ ಕಿರುಬೆರಳಿನ ಅಂಚನ್ನು ನೆಲಕ್ಕೆ ತಾಗಿಸಬೇಕು. ಗಲ್ಲವನ್ನು ಎಡ ಭುಜದ ಕಡೆಗೆ ಒತ್ತಿ ಮುಂದಕ್ಕೆ ವಾಲಿದರೆ, ಮುಂಗೈ, ಮೊಣಕೈಯ ಹೊರಭಾಗ, ಭುಜದ ಹಿಂಬದಿ, ಅಲ್ಲಿಂದ ಬೆನ್ನಿಗೆ ಅಡ್ಡವಾಗಿ ಹಾದು ಎಡ ಸೊಂಟ ಎಂಬ ಸಾಲಿನಲ್ಲಿ ದೇಹ ನೆಲವನ್ನು ಸವರಿಕೊಂಡು ಹೋಗುತ್ತದೆ. ತಲೆ ನೆಲಕ್ಕೆ ಸೋಕಲೇಬಾರದು. ಭುಜದ ತುದಿಯ ಮೇಲೆ ಬಿದ್ದರೆ ಪೆಟ್ಟು ನೇರವಾಗಿ ಕಾಲರ್ ಮೂಳೆಗೆ ಹೋಗುತ್ತದೆ, ಸೈಕಲ್ ಸವಾರರಲ್ಲಿ ಅದು ಮುರಿಯುವುದು ಬಹುಮಟ್ಟಿಗೆ ಹೀಗೆಯೇ. ಆದ್ದರಿಂದ ತಾಗಬೇಕಾದದ್ದು ತುದಿಯಲ್ಲ, ಹೆಗಲ ಹಲಗೆಯ ಮಾಂಸಲ ಭಾಗ. ಜೂಡೋ ಕಲಿತವರಿಗೆ ಇದು ಪರಿಚಿತ. 1882ರಲ್ಲಿ ಜಿಗೊರೊ ಕಾನೊ ಜಪಾನಿನಲ್ಲಿ ಆರಂಭಿಸಿದ ಆ ವಿದ್ಯೆಯಲ್ಲಿ ಹೊಸಬರಿಗೆ ಎಸೆಯುವುದಕ್ಕಿಂತ ಮೊದಲು ಕಲಿಸುವುದು ಬೀಳುವುದನ್ನು. ಆದರೆ ಜೂಡೋದಲ್ಲಿ ಬೀಳುವಾಗ ಅಂಗೈಯಿಂದ ಚಾಪೆಯನ್ನು ಬಡಿಯುವ ರೂಢಿಯಿದೆ, ಅದನ್ನು ಡಾಂಬರಿನ ಮೇಲೆ ಮಾಡಬಾರದು.

ಮೊಣಕಾಲಿನಿಂದ ಉರುಳುವುದು ಸಲೀಸಾದ ಮೇಲೆ ನಿಂತು, ನಿಂತದ್ದು ಸಲೀಸಾದ ಮೇಲೆ ನಡೆಯುತ್ತ ಅದನ್ನೇ ಮಾಡಬೇಕು. ವಾರಕ್ಕೆ ಮೂರು ದಿನ, ಹತ್ತು ಹತ್ತು ನಿಮಿಷದಂತೆ, ಒಂದು ತಿಂಗಳು ಹಿಡಿಯುತ್ತದೆ. ತಲೆ ಸುತ್ತಿದರೆ ಆ ದಿನಕ್ಕೆ ನಿಲ್ಲಿಸಿ. ಕೊನೆಯ ವಾರದಲ್ಲಿ, ಕಣ್ಣು ಮುಚ್ಚಿ ಕುಕ್ಕರಗಾಲಿನಲ್ಲಿ ಕುಳಿತಿರುವಾಗ ಗೆಳೆಯರೊಬ್ಬರು ಯಾವ ಸೂಚನೆಯನ್ನೂ ಕೊಡದೆ ಮೆಲ್ಲನೆ ತಳ್ಳಲಿ. ಆಗಲೂ ಕೈ ನೆಲಕ್ಕೆ ಹೋಗದಿದ್ದರೆ ಪಾಠ ಮೈಗೆ ಹತ್ತಿದೆ ಎಂದರ್ಥ.

ಸೈಕಲ್ ಸಮೇತ ಬೀಳುವುದು

ಇದಕ್ಕೆ ಹಳೆಯ, ಬಣ್ಣ ಹೋದರೂ ಬೇಸರವಾಗದ ಸೈಕಲ್ ಬೇಕು. ಮೊದಲು ಹ್ಯಾಂಡಲ್ಲಿನ ಎರಡು ತುದಿಗಳನ್ನು ಮುಟ್ಟಿ ನೋಡಿ. ಅಲ್ಲಿ ರಬ್ಬರ್ ಹಿಡಿ ಹರಿದು ಕೊಳವೆಯ ಬಾಯಿ ತೆರೆದಿದ್ದರೆ, ಮುಚ್ಚಳ ಹಾಕಿಸುವವರೆಗೆ ಅಭ್ಯಾಸವೂ ಬೇಡ, ಸವಾರಿಯೂ ಬೇಡ. ಬಿದ್ದಾಗ ಹ್ಯಾಂಡಲ್ ತಿರುಗಿ ಆ ತುದಿ ಹೊಟ್ಟೆಗೆ ಚುಚ್ಚಿಕೊಂಡರೆ ಯಕೃತ್ತು, ಗುಲ್ಮಗಳಿಗೆ ಪೆಟ್ಟಾಗುತ್ತದೆ. ಮಕ್ಕಳ ಸೈಕಲ್ಲುಗಳಲ್ಲಿ ಇದನ್ನು ಪ್ರತಿ ತಿಂಗಳೂ ನೋಡಬೇಕು. ಕೆಲವೇ ರೂಪಾಯಿಯ ಆ ಮುಚ್ಚಳವನ್ನು ನಾವು ಎಷ್ಟು ಅಲಕ್ಷಿಸುತ್ತೇವೆಂಬುದು ಶಾಲೆಗಳ ಸೈಕಲ್ ನಿಲ್ದಾಣದಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ.

ಹೆಲ್ಮೆಟ್ ಅಭ್ಯಾಸದಲ್ಲೂ ತಲೆಯ ಮೇಲಿರಬೇಕು. ಅದರ ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲಿರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗಲ್ಲದ ಪಟ್ಟಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ನಿಧಾನವಾಗಿ ಹೋಗುವವರಿಗೆ ಹೆಲ್ಮೆಟ್ ಯಾಕೆಂದು ಕೇಳುವವರಿಗೆ ಒಂದು ಸರಳ ಲೆಕ್ಕವಿದೆ: ಸೈಕಲ್ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ, ಆ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟುವಾಗ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೈಕಲ್ ನಿಂತಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಹುಲ್ಲಿನ ಮೇಲೆ ಸೈಕಲ್ ನಿಲ್ಲಿಸಿ, ಸೀಟನ್ನು ತಗ್ಗಿಸಿ, ಪೆಡಲ್‌ಗಳೆರಡನ್ನೂ ನೆಲಕ್ಕೆ ಸಮಾನಾಂತರವಾಗಿಟ್ಟು ಏರಿ ಕುಳಿತು, ಗೆಳೆಯರು ಹಿಡಿದಿರುವಾಗ ಸಮತೋಲ ತಂದುಕೊಂಡು, ಅವರು ಬಿಟ್ಟೊಡನೆ ಎಡಕ್ಕೆ ವಾಲಬೇಕು. ಹ್ಯಾಂಡಲ್ಲನ್ನು ಬಿಡಬಾರದು. ಟವೆಲ್ಲಿನ ಅಭ್ಯಾಸ ಉಪಯೋಗಕ್ಕೆ ಬರುವುದು ಇಲ್ಲಿ: ಹ್ಯಾಂಡಲ್ಲನ್ನು ಹಿಡಿದೇ ಇದ್ದರೆ ಕೈ ಹೊರಗೆ ಚಾಚುವುದಿಲ್ಲ, ಹ್ಯಾಂಡಲ್ಲಿನ ತುದಿ ಮತ್ತು ಪೆಡಲ್ ಪೆಟ್ಟಿನ ಒಂದು ಪಾಲನ್ನು ತಾವೇ ತೆಗೆದುಕೊಳ್ಳುತ್ತವೆ, ಉಳಿದದ್ದು ತೊಡೆಗೂ ಹೆಗಲಿಗೂ ಹಂಚಿಹೋಗುತ್ತದೆ. ಆಮೇಲೆ ನಡಿಗೆಯ ವೇಗದಲ್ಲಿ ಒಂದೆರಡು ಸಲ ಹೀಗೆಯೇ ಬಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಬೇಕೆಂದೇ ಬೀಳುವುದು ಅಭ್ಯಾಸವಲ್ಲ. ಶೂಗಳನ್ನು ಪೆಡಲ್ಲಿಗೆ ಕಚ್ಚಿಸುವ ಕ್ಲಿಪ್‌ಲೆಸ್ ಪೆಡಲ್ ಕೊಂಡವರು ಮಾತ್ರ, ಸಿಗ್ನಲ್ಲಿನಲ್ಲಿ ಕಾಲು ಬಿಡಿಸಲಾಗದೆ ಬುಡ ಕಡಿದ ಮರದಂತೆ ಉರುಳುವ ಅವಮಾನವನ್ನು ಹುಲ್ಲಿನ ಮೇಲೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಕಾಲೂರುವ ವಿಷಯದಲ್ಲಿ ಒಂದು ಗಡಿಯಿದೆ. ನಡಿಗೆಯ ವೇಗದೊಳಗೆ ಕಾಲು ಊರಿ ನಿಲ್ಲಬಹುದು. ಅದಕ್ಕಿಂತ ಹೆಚ್ಚಿದ್ದರೆ ಊರಿದ ಕಾಲು ಅಲ್ಲೇ ಉಳಿದು ಮೈ ಮುಂದೆ ಹೋಗುವುದರಿಂದ ಮೊಣಕಾಲು ತಿರುಚುತ್ತದೆ. ಆಗ ಪಾದಗಳು ಪೆಡಲ್ ಮೇಲೆಯೇ ಇರಲಿ.

ರಸ್ತೆಯ ಮೇಲೆ: ಬೀಳುವುದಕ್ಕೆ ಮುಂಚಿನ ಕ್ಷಣಗಳು

ಬೀಳುವುದು ಖಚಿತವೆನಿಸಿದಾಗಲೂ ಒಂದು ಕೆಲಸಕ್ಕೆ ಸಮಯವಿರುತ್ತದೆ, ಅದು ವೇಗವನ್ನು ಕಳೆಯುವುದು. ಗಂಟೆಗೆ 30 ಕಿಲೋಮೀಟರಿನಿಂದ 20ಕ್ಕೆ ಇಳಿದರೆ ದೇಹ ಹೊತ್ತ ಚಲನಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಚಕ್ರ ನೇರವಾಗಿರುವಾಗ ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ ಎರಡೂ ಬ್ರೇಕುಗಳನ್ನು ಹಂತಹಂತವಾಗಿ ಹಿಂಡಬೇಕು. ಮುಂದಿನ ಬ್ರೇಕನ್ನು ಒಮ್ಮೆಲೇ ಹಿಂಡಿದರೆ ಹಿಂದಿನ ಚಕ್ರ ಎದ್ದು ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ. ಹಾಗೆ ಹಾರಿಬಿಟ್ಟರೆ ಹ್ಯಾಂಡಲ್ ಹಿಡಿದುಕೊಂಡಿರುವುದರಲ್ಲಿ ಅರ್ಥವಿಲ್ಲ. ಗಲ್ಲ ಎದೆಗೆ, ತೋಳು ಬಿಂದಿಗೆ ತಬ್ಬಿದಂತೆ, ಮತ್ತು ಆ ಕರ್ಣರೇಖೆಯ ಉರುಳು. ಉರುಳುವುದನ್ನು ನಡುವೆ ತಡೆಯಲು ಹೋಗಬೇಡಿ. ಜಾರುತ್ತ, ಉರುಳುತ್ತ ನಿಂತ ದೇಹಕ್ಕೆ ಪೆಟ್ಟು ಕಡಿಮೆ, ತಟ್ಟನೆ ನಿಂತದ್ದಕ್ಕೆ ಹೆಚ್ಚು. ಬಿಟ್ಟುಕೊಡಬೇಕಾದ ಕ್ರಮ ಹೀಗಿದೆ: ಮೊದಲು ಬಟ್ಟೆ, ಆಮೇಲೆ ಚರ್ಮ, ಆಮೇಲೆ ಕಾಲರ್ ಮೂಳೆ, ತಲೆ ಮತ್ತು ಕತ್ತನ್ನು ಯಾವ ಕಾರಣಕ್ಕೂ ಅಲ್ಲ.

ನಮ್ಮ ಸೀಮೆಯಲ್ಲಿ ಜಾರಿಸುವ ಜಾಗಗಳು ಗೊತ್ತಿರುವಂಥವೇ. ಕಬ್ಬಿನ ಕಟಾವಿನ ತಿಂಗಳುಗಳಲ್ಲಿ ಮಂಡ್ಯ, ಪಾಂಡವಪುರ, ಮದ್ದೂರಿನ ರಸ್ತೆಗಳ ಮೇಲೆ ಟ್ರ್ಯಾಕ್ಟರಿನಿಂದ ಉದುರಿದ ಸೋಗೆ ಮತ್ತು ಜಲ್ಲೆಗಳಿರುತ್ತವೆ. ಉರುಳುವ ಜಲ್ಲೆಯ ಮೇಲೆ ಮುಂದಿನ ಚಕ್ರ ಓರೆಯಾಗಿ ಹತ್ತಿದರೆ ಬೀಳುವುದು ಖಂಡಿತ, ಅದನ್ನು ನೇರವಾಗಿ ಅಡ್ಡ ದಾಟಬೇಕು. ರಾಗಿ, ಹುರುಳಿ ಹರಡಿದ ಕಡೆ ಇಳಿದು ತಳ್ಳಿಕೊಂಡು ಹೋಗುವುದು ಮೇಲು. ಇಳಿಯಲಾಗದಷ್ಟು ಹತ್ತಿರ ಬಂದಿದ್ದರೆ ಬ್ರೇಕ್ ಹಿಡಿಯದೆ, ಪೆಡಲ್ ತುಳಿಯದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ಸಾಗಿಬಿಡಬೇಕು. ಮೈಸೂರಿನ ಸಾಲುಮರಗಳ ಕೆಳಗೆ ಉದುರಿ ನೆಂದ ಗುಲ್‌ಮೊಹರ್ ಹೂವು, ಬೇಸಿಗೆಯ ಮೊದಲ ಮಳೆಗೆ ಧೂಳು ಮತ್ತು ಎಣ್ಣೆ ಕಲೆತ ಡಾಂಬರು, ಒದ್ದೆಯಾದ ಬಿಳಿ ಪಟ್ಟೆ ಇವಕ್ಕೂ ಇದೇ ನಿಯಮ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ತಿರುವಿನೊಳಗೆ ಅಲ್ಲ, ತಿರುವಿಗೆ ಮುಂಚೆಯೇ ವೇಗ ಇಳಿದಿರಬೇಕು. ಸುಮಾರು 300 ಮೀಟರ್ ಎತ್ತರವನ್ನು ಇಳಿಯುವ ಆ ಹಾದಿಯಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದಿದ್ದರೆ ರಿಮ್ ಕಾಯುತ್ತದೆ, ಹಿಡಿದು ಬಿಟ್ಟು ಹಿಡಿಯಬೇಕು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ತಡೆಗೋಡೆಯಿಲ್ಲದ ಕಡೆಗಳಲ್ಲಿ ಎಡಕ್ಕೆ ಬೀಳುವ ನಿಯಮವನ್ನು ಮರೆತು, ನೀರಿನಿಂದ ದೂರದ ಬದಿಯನ್ನು ಹಿಡಿಯಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವೇ ಇಲ್ಲ; ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕುಗಳನ್ನು ನಿರೀಕ್ಷಿಸಿಯೇ ಸಾಗಬೇಕು.

ಬಿದ್ದ ಮೇಲೆ

ತಕ್ಷಣ ಏಳಬಾರದು. ವಾಹನಗಳ ಅಪಾಯವಿಲ್ಲದಿದ್ದರೆ ಬಿದ್ದಲ್ಲೇ ಹತ್ತು ಉಸಿರಿನಷ್ಟು ಹೊತ್ತು ಮಲಗಿ, ಮೊದಲು ಕಾಲ್ಬೆರಳು, ಆಮೇಲೆ ಕೈಬೆರಳುಗಳನ್ನು ಆಡಿಸಿ ನೋಡಬೇಕು. ನಮ್ಮಲ್ಲಿ ಬಿದ್ದವರ ಸುತ್ತ ನಾಲ್ಕು ಜನ ಕೂಡಿ, ರಟ್ಟೆ ಹಿಡಿದು ಎತ್ತಿ ಕೂರಿಸಿ, ನೀರು ಕುಡಿಸುವುದು ಸೌಜನ್ಯ. ಆ ಸೌಜನ್ಯವನ್ನು ವಿನಯದಿಂದಲೇ ತಡೆಯಬೇಕು. ಕತ್ತಿನಲ್ಲಿ ನೋವು, ಕೈಕಾಲಿನಲ್ಲಿ ಜೋಮು ಇದ್ದರೆ ಅಲುಗಾಡದೆ, ಹೆಲ್ಮೆಟ್ಟನ್ನೂ ತೆಗೆಯಗೊಡದೆ, 108ಕ್ಕೆ ಕರೆ ಮಾಡಿಸಬೇಕು. ವಾಂತಿ, ಹೆಚ್ಚುತ್ತಿರುವ ತಲೆನೋವು, ತೂಕಡಿಕೆ, ಕೇಳಿದ್ದನ್ನೇ ಮತ್ತೆ ಕೇಳುವುದು, ಮೂಗು ಕಿವಿಗಳಿಂದ ನೀರಿನಂಥ ದ್ರವ ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಲೇಬೇಕು; ಮೊದಲ ದಿನ ರಾತ್ರಿ ಒಬ್ಬರೇ ಇರಬಾರದು. ಹ್ಯಾಂಡಲ್ ಹೊಟ್ಟೆಗೆ ತಾಗಿದ್ದರೆ, ಆಗ ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಹೆಬ್ಬೆರಳನ್ನು ಸೆಟೆಸಿದಾಗ ಮಣಿಕಟ್ಟಿನ ಬಳಿ ಮೂಡುವ ಸಣ್ಣ ಕುಳಿಯನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ಏನೇ ಹೇಳಲಿ, ನನ್ನಂತೆ ಉದಾಸೀನ ಮಾಡದೆ ಎರಡು ವಾರದೊಳಗೆ ಮತ್ತೊಮ್ಮೆ ತೋರಿಸಿ.

ತರಚು ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಐದು ನಿಮಿಷವಾದರೂ ತೊಳೆದು, ಹೊಕ್ಕಿರುವ ಮರಳನ್ನು ತೆಗೆಯಬೇಕು. ಕಾಫಿಪುಡಿ, ಅರಿಸಿನ ಮೆತ್ತಬಾರದು. ಮಣ್ಣು, ಸಗಣಿ, ಟಾಂಗಾ ಕುದುರೆಯ ಲದ್ದಿ ಇರುವ ರಸ್ತೆಯಲ್ಲಿ ಧನುರ್ವಾಯುವಿನ ಬೀಜಕಗಳೂ ಇರುತ್ತವೆ. ಕೊಳೆಯಾದ ಗಾಯವಾಗಿ, ಹಿಂದಿನ ಟಿಟಿ ಚುಚ್ಚುಮದ್ದು ಪಡೆದು ಐದು ವರ್ಷ ಕಳೆದಿದ್ದರೆ ಮತ್ತೆ ಪಡೆಯಬೇಕು.

ಸೈಕಲ್ಲಿನ ಸರದಿ ಆಮೇಲೆ. ಹ್ಯಾಂಡಲ್ ಮುಂದಿನ ಚಕ್ರಕ್ಕೆ ನೇರವಾಗಿದೆಯೇ, ಬ್ರೇಕ್ ಕಚ್ಚುತ್ತದೆಯೇ, ಚಕ್ರ ಉಜ್ಜದೆ ತಿರುಗುತ್ತದೆಯೇ ಎಂದು ನೋಡಿ. ಗೇರ್ ಸೈಕಲ್ ಬಲಕ್ಕೆ ಬಿದ್ದಿದ್ದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಒಳಕ್ಕೆ ಬಾಗಿರಬಹುದು; ಆಗ ಏರಿನಲ್ಲಿ ಅತಿ ಹಗುರ ಗೇರಿಗೆ ಹಾಕಿದರೆ ಅದು ಕಡ್ಡಿಗಳೊಳಗೆ ಸಿಕ್ಕಿ ಇನ್ನೊಮ್ಮೆ ಬೀಳಿಸುತ್ತದೆ. ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ, ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಅದನ್ನು ಬದಲಾಯಿಸಬೇಕು. ಎಸೆಯುವ ಮುನ್ನ ಗಲ್ಲದ ಪಟ್ಟಿಯನ್ನು ಕತ್ತರಿಸಿಬಿಡಿ. ಇಲ್ಲದಿದ್ದರೆ ‘ಚೆನ್ನಾಗಿಯೇ ಇದೆಯಲ್ಲ’ ಎಂದು ಯಾರಾದರೂ ಎತ್ತಿಕೊಂಡು ಹೋಗಿ ತಮ್ಮ ಮಗುವಿನ ತಲೆಗೆ ಹಾಕುತ್ತಾರೆ.